ಒಂಬತ್ತೋ ಒಂದೋ: ಜಮಖಂಡಿ ಕಡೆಯ ಒಂದು ಬೇಟೆ ರೈಫಲ್ಲಿಗೆ ಬೆಲೆ ಕಟ್ಟಿದ ಪ್ರಕರಣ

ಕೌದಿ ಬಿಚ್ಚಿ ರೈಫಲ್ಲನ್ನು ಪಡಸಾಲೆಯ ಜಮಖಾನೆಯ ಮೇಲೆ ಇಟ್ಟಾಗ ನನಗೆ ಮೊದಲು ಕಂಡದ್ದು ಅದರ ಎಡಬದಿ. ಹೊಸ ಸ್ಟೀಲ್ ತಾಟಿನಂತೆ ಹೊಳೆಯುತ್ತಿತ್ತು. ಮಗ್ಗುಲು ಬದಲಿಸಿ ನೋಡಿದೆ. ಬಲಬದಿಯಲ್ಲಿ, ಕಾಡತೂಸಿಗೆ ಏಟು ಕೊಡುವ ಕುದುರೆಯ ಕೆಳಗೆ ಒಳಗಿನ ಯಂತ್ರವನ್ನು ಮುಚ್ಚುವ ಲಾಕಿನ ತಗಡಿನ ಮೇಲೆ, ನೀಲಿ, ಕಂದು, ಬೂದು ಬಣ್ಣಗಳು ಆಷಾಢದ ಮೋಡದ ಹಾಗೆ ಒಂದರೊಳಗೊಂದು ಕಲೆತು ಇನ್ನೂ ಉಳಿದಿದ್ದವು.

‘ಕಾಕಾ, ಒಂದು ಬದಿ ಮುಗಿಸಿದ್ದೇನೆ. ಇನ್ನೊಂದು ಬದಿ ನಾಳೆ ಆಗುತ್ತದೆ’ ಎಂದು ಮನೆಯ ಮೊಮ್ಮಗ ಹೇಳಿದ. ಕೈಯಲ್ಲಿ ಪಾಲಿಶ್ ಕಾಗದದ ತುಂಡು ಇತ್ತು. ಅದನ್ನು ಇಸಿದುಕೊಂಡು ನನ್ನ ಜೇಬಿಗೆ ಹಾಕಿಕೊಂಡೆ. ಆ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ, ಸಂಕಟವಾಯಿತು. ಮಾರುವ ವಸ್ತುವನ್ನು ಚೊಕ್ಕಟ ಮಾಡಿ ತೋರಿಸಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಹಳೆಯ ಬಂದೂಕಿನ ವಿಷಯದಲ್ಲಿ ಅದು ತಲೆಕೆಳಗು ಎಂಬುದನ್ನು ಅವನಿಗೆ ಹೇಳಿದವರು ಯಾರೂ ಇರಲಿಲ್ಲ.

ಈ ಪ್ರಕರಣವನ್ನು ವಿವರವಾಗಿ ಬರೆಯಲು ಕಾರಣವಿದೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಹಳೆಯ ವಾಡೆಗಳಲ್ಲಿ ಇಂಥ ಬಂದೂಕುಗಳು ಇನ್ನೂ ಇವೆ. ಹಿರಿಯರು ತೀರಿಕೊಂಡ ಕೂಡಲೇ ಮನೆಯವರು ಗಾಬರಿಯಿಂದ ಸಿಕ್ಕ ಬೆಲೆಗೆ ಕೊಟ್ಟುಬಿಡುತ್ತಾರೆ. ಇಲ್ಲವೇ ಇಲ್ಲದ ಬೆಲೆಯನ್ನು ಕನಸಿಕೊಂಡು ಮೂಲೆಯಲ್ಲಿ ತುಕ್ಕು ಹಿಡಿಸುತ್ತಾರೆ.

ಮನೆ ಮತ್ತು ಮೂರು ಬೆಲೆ

ನಾನು ಸೇನೆಯಲ್ಲಿ ಆರ್ಮರರ್, ಅಂದರೆ ಬಂದೂಕುಗಳನ್ನು ದುರಸ್ತಿ ಮಾಡುವವನು, ಆಗಿದ್ದವನು. ನಿವೃತ್ತಿಯ ಮೇಲೆ ಬೆಳಗಾವಿಯಲ್ಲಿ ನೆಲೆಸಿದ್ದೇನೆ. ಪರವಾನಗಿ ಉಳ್ಳವರು ‘ಒಮ್ಮೆ ನೋಡಿ ಹೇಳಿ’ ಎಂದು ಕರೆದರೆ ಹೋಗುತ್ತೇನೆ. ಷರತ್ತು ಒಂದೇ: ಪರವಾನಗಿದಾರರು ನನ್ನ ಎದುರಿಗೆ ಕುಳಿತಿರಬೇಕು, ಆಯುಧ ಅವರ ಮನೆ ಬಿಟ್ಟು ಕದಲಬಾರದು.

ಈ ವಾಡೆ ಜಮಖಂಡಿ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಯ ಊರಿನಲ್ಲಿದೆ. ಮನೆಯ ಹಿರಿಯರಿಗೆ 78 ವರ್ಷ. ಊರಿನವರು ದೇಸಾಯರು ಎನ್ನುತ್ತಾರೆ, ನಾನೂ ಹಾಗೆಯೇ ಕರೆದೆ. ಅವರ ಪರವಾನಗಿ ಪುಸ್ತಕದಲ್ಲಿ ಎರಡು ಆಯುಧಗಳಿವೆ. ಒಂದು ಬೆಳೆ ರಕ್ಷಣೆಯ 12 ಬೋರಿನ ಜೋಡುನಳಿಕೆ ಬಂದೂಕು, ಇನ್ನೊಂದು ಈ ರೈಫಲ್, ಇದೂ ಜೋಡುನಳಿಕೆಯದೇ. 2016ರ ಆಯುಧ ನಿಯಮಗಳ ಪ್ರಕಾರ ಪರವಾನಗಿದಾರರಿಗೆ 70 ವರ್ಷವಾದರೆ ಅಥವಾ ಆಯುಧ 25 ವರ್ಷ ಅವರ ಬಳಿ ಇದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಪರವಾನಗಿ ಕೇಳಬಹುದು. ಹಿರಿಯರು ಇಬ್ಬರು ಮಕ್ಕಳನ್ನೂ ಕೇಳಿದ್ದರು. ಒಬ್ಬ ಪುಣೆಯಲ್ಲಿ, ಇನ್ನೊಬ್ಬ ಹುಬ್ಬಳ್ಳಿಯಲ್ಲಿ. ಇಬ್ಬರೂ ಬೇಡವೆಂದರು.

‘ಹವಾಲ್ದಾರರೇ, ನಾನು ಹೋದ ಮೇಲೆ ಇದು ಠಾಣೆಯ ಮೂಲೆ ಸೇರಬಾರದು. ಬೆಲೆ ತಿಳಿದವನ ಕೈ ಸೇರಬೇಕು’ ಎಂದರು ದೇಸಾಯರು.

ಈ ಸೀಮೆಯಲ್ಲಿ ಆಯುಧದ ಮೇಲಿನ ಪ್ರೀತಿ ಸುಮ್ಮನೆ ಬಂದದ್ದಲ್ಲ. 1857ರಲ್ಲಿ ಹತ್ಯಾರುಗಳನ್ನು ಒಪ್ಪಿಸಿರಿ ಎಂಬ ಆಜ್ಞೆ ಬಂದಾಗ ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಪ್ಪದೆ ಎದುರು ನಿಂತರು, ಊರನ್ನೇ ಸುಡಿಸಿಕೊಂಡರು. ಆ ಲಾವಣಿಯನ್ನು ಕೇಳುತ್ತ ಬೆಳೆದ ಮುದುಕರು ಬಂದೂಕು ಮಾರುವ ಮಾತನ್ನು ಹಗುರವಾಗಿ ಎತ್ತುವುದಿಲ್ಲ.

ನಾನು ಹೋಗುವ ಮೊದಲೇ ಆ ಮನೆಯಲ್ಲಿ ಮೂರು ಬೆಲೆಗಳು ಓಡಾಡುತ್ತಿದ್ದವು. ಒಬ್ಬ ಬಂದೂಕು ವ್ಯಾಪಾರಿ 40 ಸಾವಿರ ಹೇಳಿದ್ದರು. ಜೊತೆಗೆ, ನಳಿಕೆಗೆ ಹೊಸದಾಗಿ ಕಪ್ಪು ಏರಿಸಿ ಮರಕ್ಕೆ ವಾರ್ನಿಶ್ ಹೊಡೆದರೆ ಇನ್ನಷ್ಟು ಸಿಗಬಹುದು ಎಂಬ ಸಲಹೆಯನ್ನೂ ಕೊಟ್ಟಿದ್ದರು. ಮೊಮ್ಮಗ ಹೊರದೇಶದ ಹರಾಜುಗಳ ಬೆಲೆಯನ್ನು ಮೊಬೈಲಿನಲ್ಲಿ ನೋಡಿ 25 ಲಕ್ಷ ಎಂದಿದ್ದ. ದೇಸಾಯರ ಮಾತು ಬೇರೆ. ಜಮಖಂಡಿ ಸಂಸ್ಥಾನದ ಮಹಾರಾಜರು ತಮ್ಮ ಅಜ್ಜನ ಗುರಿ ನೋಡಿ ಮೆಚ್ಚಿ ಇನಾಮಾಗಿ ಕೊಟ್ಟ ರೈಫಲ್ ಇದು, ಇದಕ್ಕೆ ಬೆಲೆ ಕಟ್ಟಲಾಗದು ಎಂದು ಅವರು ಚಿಕ್ಕಂದಿನಿಂದ ಕೇಳಿ ನಂಬಿದ್ದರು.

ಇಷ್ಟರ ಮೇಲೆ ಒಂದು ಆಘಾತವೂ ಆಗಿತ್ತು. ರೈಫಲ್ಲಿನ ಮೇಲಿದ್ದ ಹೆಸರು ‘ಆರ್ಮಿ ಆಂಡ್ ನೇವಿ ಕೋಆಪರೇಟಿವ್ ಸೊಸೈಟಿ ಲಿಮಿಟೆಡ್’. ಆ ಅಂಗಡಿಯ ಹಳೆಯ ಬಂದೂಕು ದಾಖಲೆ ಪುಸ್ತಕಗಳು ಈಗ ಗ್ಲಾಸ್ಗೋ ವಿಶ್ವವಿದ್ಯಾಲಯದ ದಾಖಲೆ ಭಂಡಾರದಲ್ಲಿವೆ. ಮೊಮ್ಮಗ ಹುಷಾರಿ. ಪರವಾನಗಿ ಪುಸ್ತಕದಲ್ಲಿದ್ದ ಐದಂಕಿಯ ನಂಬರನ್ನು ಅಲ್ಲಿಗೆ ಬರೆದು ಕೇಳಿದ್ದ. ಉತ್ತರ ಬಂತು: ಆ ನಂಬರಿನದು ಸಣ್ಣ ಗುಂಡುಗಳನ್ನು ಚದುರಿಸುವ 12 ಬೋರಿನ ಛರ್ರೆ ಬಂದೂಕು, ರೈಫಲ್ ಅಲ್ಲ. ಅಂದಿನಿಂದ ಮನೆಯಲ್ಲಿ ಎರಡು ಪಕ್ಷವಾಗಿತ್ತು. ಒಂದು ಪಕ್ಷ 25 ಲಕ್ಷ ಎನ್ನುತ್ತಿತ್ತು, ಇನ್ನೊಂದು ಪಕ್ಷ ನಕಲಿ ಎನ್ನುತ್ತಿತ್ತು. ದೇಸಾಯರು ಎರಡನ್ನೂ ಕೇಳಿಕೊಂಡು ಸುಮ್ಮನೆ ಕುಳಿತಿದ್ದರು.

ಬಿಚ್ಚಿ ನೋಡಿದ್ದು

ನಳಿಕೆಯನ್ನು ಕೀಲಿನಲ್ಲಿ ಬಾಗಿಸಿ ತೆರೆದು, ಕಾಡತೂಸು ಕೂರುವ ಎರಡೂ ಕೋಣೆ ಖಾಲಿ ಇರುವುದನ್ನು ಮೊದಲು ನೋಡಿದೆ, ದೇಸಾಯರಿಗೂ ತೋರಿಸಿದೆ. ಆಮೇಲೆ ಮುಂದಿನ ಮರದ ತುಂಡನ್ನು ಬಿಡಿಸಿ, ನಳಿಕೆಗಳನ್ನು ಹಿಡಿಯಿಂದ ಬೇರೆ ಮಾಡಿದೆ. ಹಳೆಯ ಇಂಗ್ಲಿಷ್ ಜೋಡುನಳಿಕೆಯನ್ನು ಬಿಚ್ಚಲು ಯಾವ ಹತ್ಯಾರೂ ಬೇಡ, ಕೈ ಸಾಕು. ತಿರುಪುಗಳನ್ನು ಮುಟ್ಟಲೇ ಇಲ್ಲ. ಅವುಗಳ ತಲೆಯ ಸೀಳು ಕೂದಲೆಳೆಯಷ್ಟು ಸಣ್ಣದಾಗಿ, ಎಲ್ಲವೂ ನಳಿಕೆಯ ದಿಕ್ಕಿಗೇ ಸಾಲಾಗಿ ನಿಂತಿದ್ದವು. ಒಂದು ಸೀಳೂ ಕೆತ್ತಿಹೋಗಿರಲಿಲ್ಲ. ಯಾರೂ ಒಳಗೆ ಕೈ ಹಾಕಿಲ್ಲ ಎಂದು ಹೇಳಲು ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ನಳಿಕೆಗಳನ್ನು ಒಂದು ಬೆರಳಿನ ಮೇಲೆ ತೂಗುಹಾಕಿ ಉಗುರಿನಿಂದ ಮೆಲ್ಲಗೆ ಬಡಿದೆ. ಗುಡಿಯ ಸಣ್ಣ ಗಂಟೆಯಂತೆ ದನಿ ಹೊರಟು ಸ್ವಲ್ಪ ಹೊತ್ತು ನಿಂತಿತು. ಎರಡು ನಳಿಕೆಗಳ ನಡುವಿನ ಪಟ್ಟಿಯ ಬೆಸುಗೆ ಎಲ್ಲಿಯಾದರೂ ಬಿಟ್ಟಿದ್ದರೆ ಬಿರುಕು ಬಿಟ್ಟ ಗಡಿಗೆಯಂತೆ ‘ಟಪ್’ ಎನ್ನುತ್ತದೆ. ದೇಸಾಯರು ಆ ದನಿ ಕೇಳಿ ‘ಇನ್ನೊಮ್ಮೆ ಬಡಿಯಿರಿ’ ಎಂದರು. ಅಷ್ಟು ವರ್ಷ ಮನೆಯಲ್ಲಿದ್ದರೂ ಅದನ್ನು ಅವರು ಎಂದೂ ಕೇಳಿರಲಿಲ್ಲ. ಮತ್ತೆ ಬಡಿದೆ.

ನಳಿಕೆ ಜೋಡಿಸಿ, ಮುಂದಿನ ಮರ ಹಾಕದೆ, ಅಲುಗಾಡಿಸಿ ನೋಡಿದೆ. ಕಿವಿಗೆ ಹಿಡಿದರೆ ಮಾತ್ರ ತಿಳಿಯುವಷ್ಟು ಸಡಿಲು. ಬೆಳಕಿಗೆ ಹಿಡಿದರೆ ನಳಿಕೆಯ ಬುಡಕ್ಕೂ ಅದು ಒರಗುವ ಮುಖಕ್ಕೂ ನಡುವೆ ಸಂದು ಕಾಣಲಿಲ್ಲ. ಆ ವಯಸ್ಸಿಗೆ ಇದು ಬಹಳ ಒಳ್ಳೆಯ ಸ್ಥಿತಿ. ಬಲ ನಳಿಕೆಯ ಒಳಗೆ, ಗುಂಡನ್ನು ಸುತ್ತಿಸುವ ರೈಫ್ಲಿಂಗ್ ಗೆರೆಗಳು ಚೂಪಾಗಿದ್ದವು. ಎಡ ನಳಿಕೆಯ ಬಾಯಿಯ ಕಡೆ ಒಂದು ಗೇಣಿನಷ್ಟು ಉದ್ದ ಸಣ್ಣ ಸಣ್ಣ ಗುಂಡಿಗಳು. ಕರಿಮದ್ದಿನ ಮಸಿಯನ್ನು ಅದೇ ದಿನ ಬಿಸಿನೀರಿನಲ್ಲಿ ತೊಳೆಯದಿದ್ದರೆ ಹೀಗಾಗುತ್ತದೆ. ಹೊರಮೈಯ ತುಕ್ಕಿನ ಚುಕ್ಕೆಗಳು ಮಾತ್ರ ಇತ್ತೀಚಿನವು. ಒಂದು ಚುನಾವಣೆಯ ಹೊತ್ತಿಗೆ ಎಲ್ಲರಂತೆ ಇವರೂ ಆಯುಧವನ್ನು ಠಾಣೆಯಲ್ಲಿ ಠೇವಣಿ ಇಟ್ಟಿದ್ದರು. ಬಟ್ಟೆ ಸುತ್ತಿ ಗೋಡೆಗೆ ಒರಗಿಸಿದ್ದ ಬಂದೂಕು ವಾರಗಟ್ಟಲೆ ತೇವದಲ್ಲಿ ನಿಂತಿತ್ತಂತೆ. ಠೇವಣಿ ಇಡುವ ಮೊದಲು ಎಣ್ಣೆ ಸವರಿ, ನಾಲ್ಕೂ ಕಡೆಯಿಂದ ಫೋಟೊ ತೆಗೆದು, ರಸೀದಿಯಲ್ಲಿ ಸ್ಥಿತಿಯನ್ನು ಬರೆಸಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಕೇಳುವವರು ಕಡಿಮೆ.

ನಳಿಕೆಯ ತಳದ ಚಪ್ಪಟೆ ಭಾಗದಲ್ಲಿ ಪರೀಕ್ಷಾ ಮುದ್ರೆಗಳಿದ್ದವು. ಕಿರೀಟದ ಕೆಳಗೆ ಅಡ್ಡಡ್ಡ ಇಟ್ಟ ಎರಡು ರಾಜದಂಡಗಳು: ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯದ ಗುರುತು. 1904ರಲ್ಲಿ ಅಲ್ಲಿ ಮುದ್ರೆಗಳು ಬದಲಾದವು, ಆದ್ದರಿಂದ ಇದು ಅದಕ್ಕಿಂತ ಹಿಂದಿನದು. ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾದ ಗುರುತು ಎಲ್ಲಿಯೂ ಇರಲಿಲ್ಲ. ಬಾಯಿಯ ವ್ಯಾಸ ಅರ್ಧ ಇಂಚು, ಕಾಡತೂಸಿನ ಕೋಣೆಯ ಉದ್ದ ಮೂರು ಇಂಚು. ಅಂದರೆ ಕರಿಮದ್ದಿನ .500 ಎಕ್ಸ್‌ಪ್ರೆಸ್ ರೈಫಲ್.

ಈ ಮಾತನ್ನು ಎರಡು ಸಲ ಓದಿ ಎಂದು ಕೇಳಿಕೊಳ್ಳುತ್ತೇನೆ. ನಂತರ ಬಂದ, ಹೊಗೆಯಿಲ್ಲದ ಮದ್ದಿನ .500 ನೈಟ್ರೊ ಕಾಡತೂಸಿನ ಅಳತೆಯೂ ಇದೇ. ಕೋಣೆಯೊಳಗೆ ಸಲೀಸಾಗಿ ಕೂರುತ್ತದೆ. ಆದರೆ ಅದು ಹುಟ್ಟಿಸುವ ಒತ್ತಡ ಈ ನಳಿಕೆಗೆ ತಡೆಯಲಾರದ್ದು. ಪರವಾನಗಿ ಪುಸ್ತಕದಲ್ಲಿ ‘500 ಬೋರ್’ ಎಂದಷ್ಟೇ ಇದೆ. ಕೊಳ್ಳುವವರ ಎದುರು ಎರಡು ಗುಂಡು ಹಾರಿಸಿ ತೋರಿಸಬೇಕು ಎಂಬ ಆಸೆ ಮೊಮ್ಮಗನಿಗಿತ್ತು. ಅದನ್ನು ಅಲ್ಲಿಯೇ ಬಿಡಿಸಿದೆ. ಸಂಗ್ರಹದ ವಸ್ತುವಿಗೆ ಹಾರಿಸಿ ತೋರಿಸುವ ಪರೀಕ್ಷೆ ಬೇಕಾಗಿಲ್ಲ. ಕೈಬೆರಳು, ಕಣ್ಣು ಹೋದರೆ ತಂದುಕೊಡುವವರು ಯಾರು?

ದೇಸಾಯರು ಅಷ್ಟರಲ್ಲಿ ಒಂದು ನೆನಪು ತೆಗೆದರು. ‘450ಕ್ಕೆ ಸರಕಾರದ ಅಡ್ಡಿ ಇತ್ತು, ನಮ್ಮದು 500, ಅದಕ್ಕೆ ತೊಂದರೆಯಾಗಲಿಲ್ಲ ಎಂದು ನಮ್ಮ ಅಪ್ಪ ಹೇಳುತ್ತಿದ್ದರು.’ ನನಗೆ ರೋಮಾಂಚನವಾಯಿತು. ಇದು ನಿಜವಾದ ಇತಿಹಾಸ. 1907ರಲ್ಲಿ ಬ್ರಿಟಿಷ್ ಸರಕಾರ .450 ವ್ಯಾಸದ ರೈಫಲ್ಲುಗಳನ್ನು ಭಾರತಕ್ಕೆ ತರುವುದನ್ನು ನಿಷೇಧಿಸಿತ್ತು. ದಂಗೆಯೇಳುವವರ ಕೈಗೆ ಸಿಕ್ಕ ಹಳೆಯ ಮಾರ್ಟಿನಿ-ಹೆನ್ರಿ ಸೇನಾ ಬಂದೂಕುಗಳಿಗೆ ಆ ಗುಂಡು ಒದಗಬಹುದೆಂಬ ಭಯ ಅದಕ್ಕೆ ಕಾರಣ. ಲಂಡನ್ನಿನ ತಯಾರಕರು .465, .470 ಎಂದು ಹೊಸ ಅಳತೆಗಳನ್ನು ಹುಡುಕಿದ್ದು ಇದರಿಂದಲೇ. ಓದಿ ತಿಳಿದ ವಿಷಯವನ್ನು ಒಂದು ಮನೆಯ ಬಾಯಿಮಾತಿನಲ್ಲಿ ಕೇಳುವುದು ಅಪರೂಪ.

ಮರದ ಹಿಡಿಯ ಮೇಲೆ, ಬಲಗೆನ್ನೆ ತಾಗುವ ಕಡೆ, ಬೆರಳ ತುದಿಯಗಲದ ಒಂದು ಕಪ್ಪುಗೆಂಪು ಕಲೆ ಇತ್ತು. ಖಂಡೇನವಮಿಯ ಕುಂಕುಮ. ಪ್ರತಿ ವರ್ಷ ಅದೇ ಜಾಗದಲ್ಲಿ, ಅರಿಸಿನದ ಮೇಲೆ ಕುಂಕುಮ ಇಟ್ಟು, ಎಣ್ಣೆ ಸೇರಿ, ಅಕ್ರೋಟಿನ ಮರದೊಳಗೆ ಇಳಿದುಹೋಗಿತ್ತು. ಮೊಮ್ಮಗ ‘ಇದನ್ನು ತೆಗೆಯಲು ಏನು ಹಚ್ಚಬೇಕು?’ ಎಂದ. ಏನೂ ಹಚ್ಚಬೇಡ ಎಂದೆ. ಹಿಡಿ ಸಣ್ಣಗಾಗುವ ಮಣಿಕಟ್ಟಿನ ಹತ್ತಿರ ಸೀಳಿದ ಮರಕ್ಕೆ ಊರಿನ ಪತ್ತಾರರು ಹಿತ್ತಾಳೆಯ ತಂತಿ ಬಿಗಿದಿದ್ದರು. ಬೆಲೆ ಸ್ವಲ್ಪ ಇಳಿಸುವ ರಿಪೇರಿ, ಆದರೆ ಪ್ರಾಮಾಣಿಕವಾದ ರಿಪೇರಿ. ಮುಚ್ಚಿಟ್ಟ ಬಿರುಕಿಗಿಂತ ಕಾಣುವ ತಂತಿಯನ್ನು ಕೊಳ್ಳುವವರು ನಂಬುತ್ತಾರೆ.

ಇನ್ನು ಆ ಎಡಬದಿ. ಲಾಕಿನ ತಗಡನ್ನು ಎಲುಬಿನ ಇದ್ದಿಲಿನೊಳಗೆ ಹೂತು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದಾಗ ಮೇಲ್ಮೈ ಗಟ್ಟಿಯಾಗುವುದರ ಜೊತೆಗೆ ಆ ಮೋಡದ ಬಣ್ಣ ಮೂಡುತ್ತದೆ. ಅದು ಬಳಿದ ಬಣ್ಣವಲ್ಲ, ಆದರೆ ಬಹಳ ತೆಳುವಾದದ್ದು. ಬೆವರಿಗೂ ಬಿಸಿಲಿಗೂ ವರ್ಷ ವರ್ಷ ಸವೆಯುತ್ತದೆ. ನೂರು ವರ್ಷದ ಮೇಲೂ ಉಳಿದಿದ್ದರೆ ಸಂಗ್ರಾಹಕರು ಅದಕ್ಕಾಗಿಯೇ ಹಣ ಕೊಡುತ್ತಾರೆ. ಪಾಲಿಶ್ ಕಾಗದಕ್ಕೆ ಅದು ಅರ್ಧ ಗಂಟೆಯ ಕೆಲಸ. ಮತ್ತೆ ಕಾಯಿಸಿ ಬಣ್ಣ ಬರಿಸಬಹುದು. ಆದರೆ ಆಗ ಅದು ಹೊಸ ಬಣ್ಣ, ಮೊದಲಿನದಲ್ಲ. ಕಾಯಿಸುವಾಗ ತಗಡು ಸೊಟ್ಟಗಾಗುವ ಅಪಾಯ ಬೇರೆ. ನಳಿಕೆಗೆ ಕಪ್ಪು ಏರಿಸುವ ಸಲಹೆಯನ್ನೂ ಇದೇ ಕಾರಣಕ್ಕೆ ನಾನು ಖಂಡಿತವಾಗಿ ಬೇಡವೆಂದೆ. ಹೊಸ ಕಪ್ಪಿನ ಮೊದಲು ಹಳೆಯ ಮೈಯನ್ನು ಉಜ್ಜಬೇಕು, ಉಜ್ಜಿದರೆ ಅಕ್ಷರಗಳ ಅಂಚು ಮಸುಕಾಗುತ್ತದೆ, ಮುದ್ರೆಗಳು ಸವೆಯುತ್ತವೆ. ಉಳಿಯುವುದು ಮಿರುಗುವ ಒಂದು ಕಬ್ಬಿಣ.

ಪಾಲಿಶ್ ಕಾಗದದಿಂದ ಆದ ಇನ್ನೊಂದು ಹಾನಿ ಟ್ರಿಗರಿನ ಕಾವಲು ಬಳೆಯ ಮೇಲೆ ಕಂಡಿತು. ಅಲ್ಲಿ ಕೆತ್ತಿದ್ದ ನಂಬರಿನ ಮಧ್ಯದ ಅಂಕಿಗಳು ಮಸುಕಾಗಿದ್ದವು. ‘ಗ್ಲಾಸ್ಗೋಗೆ ಬರೆದ ನಂಬರನ್ನು ಎಲ್ಲಿಂದ ತೆಗೆದೆ?’ ಎಂದು ಕೇಳಿದೆ. ‘ಇಲ್ಲಿ ಸರಿಯಾಗಿ ಕಾಣಲಿಲ್ಲ ಕಾಕಾ, ಪರವಾನಗಿ ಪುಸ್ತಕದಿಂದ ತೆಗೆದೆ’ ಎಂದ.

ಇಂಥ ಬಂದೂಕಿನಲ್ಲಿ ನಂಬರು ಒಂದೇ ಕಡೆ ಇರುವುದಿಲ್ಲ. ನಳಿಕೆಯ ತಳದಲ್ಲಿ ನೋಡಿದೆ. ಮುಂದಿನ ಮರದೊಳಗಿನ ಕಬ್ಬಿಣದ ಮೇಲೆ ನೋಡಿದೆ. ಎರಡೂ ಕಡೆ ಒಂದೇ ನಂಬರು, ಸ್ಪಷ್ಟವಾಗಿತ್ತು. ಮೂರನೆಯ ಅಂಕಿ ಒಂಬತ್ತು. ಪರವಾನಗಿ ಪುಸ್ತಕದಲ್ಲಿ ಅದೇ ಜಾಗದಲ್ಲಿ ಒಂದು.

ಖಣದ ಪೆಟ್ಟಿಗೆ

ಒಂಬತ್ತು ಹೇಗೆ ಒಂದಾಯಿತು? ಹಳೆಯ ಕಾಗದ ಏನಾದರೂ ಇದೆಯೇ ಎಂದು ಕೇಳಿದಾಗ ದೇಸಾಯರು ಇಲ್ಲವೆಂದು ತಲೆ ಆಡಿಸಿದರು. ಒಳಗಿನಿಂದ ಅವರ ಹೆಂಡತಿ, ನಾನು ಅಕ್ಕನವರು ಎಂದು ಕರೆಯುವವರು, ಮಾತು ಸೇರಿಸಿದರು: ‘ಬಂದೂಕಿನ ಪೆಟ್ಟಿಗೆ ಅಟ್ಟದ ಮೇಲಿದೆಯಲ್ಲ, ಅದನ್ನು ತೋರಿಸಿದಿರೇನು?’ 2019ರ ಆಗಸ್ಟಿನಲ್ಲಿ ಕೃಷ್ಣೆಯ ನೀರು ಊರೊಳಗೆ ಬಂದಾಗ ಅಕ್ಕನವರು ಅದನ್ನು ಅಟ್ಟಕ್ಕೆ ಏರಿಸಿದ್ದರು, ಇಳಿಸಿರಲಿಲ್ಲ. ಒಳಗೆ ಅವರು ತಮ್ಮ ಗುಳೇದಗುಡ್ಡ ಖಣಗಳನ್ನು, ಅಂದರೆ ಕುಪ್ಪಸದ ಬಟ್ಟೆಗಳನ್ನು, ಇಟ್ಟುಕೊಂಡಿದ್ದರು.

ಓಕ್ ಮರದ ಪೆಟ್ಟಿಗೆ, ಮೇಲೆ ಚರ್ಮದ ಹೊದಿಕೆ, ಮೂಲೆಗಳಿಗೆ ಹಿತ್ತಾಳೆ. ಒಳಗೆ ಕೆಂಪು ಉಣ್ಣೆಯ ಅಸ್ತರಿ, ನಳಿಕೆಗೆ ಒಂದು ಮನೆ, ಹಿಡಿಗೆ ಒಂದು ಮನೆ. ಮುಚ್ಚಳದ ಒಳಗೆ ಅಂಗಡಿಯ ಛಾಪಿಸಿದ ಚೀಟಿ, ಒಂದು ಮೂಲೆ ಗೆದ್ದಲು ತಿಂದದ್ದು ಬಿಟ್ಟರೆ ಪೂರ್ತಿ ಇತ್ತು. ಬೀಗದ ಕೈ ಇರಲಿಲ್ಲ. ಅಕ್ಕನವರು ಖಣಗಳನ್ನು ಒಂದೊಂದಾಗಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಪೆಟ್ಟಿಗೆಯ ಸಣ್ಣ ಮನೆಯೊಂದರ ಮುಚ್ಚಳ ಎತ್ತಿದಾಗ ಎಣ್ಣೆಬಾಟಲಿ, ಒಂದು ಮುರಿದ ಬ್ರಶ್ಶು, ಮತ್ತು ನಾಲ್ಕು ಮಡಿಕೆಯ ಒಂದು ಕಾಗದ ಸಿಕ್ಕವು.

ಕಾಗದ ಮೋಡಿಯಲ್ಲಿತ್ತು, ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿ. ನಮ್ಮ ಈ ಸೀಮೆಯ ಹಳೆಯ ದಫ್ತರಗಳು ಬಹುಮಟ್ಟಿಗೆ ಮೋಡಿಯಲ್ಲೇ ಇವೆ, ಓದುವವರು ಮಾತ್ರ ಕೈಬೆರಳಲ್ಲಿ ಎಣಿಸುವಷ್ಟು. ದಾಖಲೆ ಕೊಠಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಹಿರಿಯರು ಓದಿಕೊಟ್ಟರು. ಅದು ಒಂದು ಪಾವತಿ, ಹಣ ಸಂದದ್ದಕ್ಕೆ ರಸೀದಿ. ಬೆಳಗಾವಿ ಕ್ಯಾಂಪಿನಲ್ಲಿ, ಊರಿಗೆ ಮರಳುತ್ತಿದ್ದ ಒಬ್ಬ ಸಾಹೇಬನ ಸಾಮಾನಿನ ಲಿಲಾವಿನಲ್ಲಿ, ಅಂದರೆ ಹರಾಜಿನಲ್ಲಿ, ಜೋಡುನಳಿಕೆಯ ಒಂದು ರೈಫಲ್ಲನ್ನು ಪೆಟ್ಟಿಗೆ ಸಹಿತ ಕೊಂಡದ್ದಕ್ಕೆ ದೇಸಾಯರ ಅಜ್ಜನ ಹೆಸರಿಗೆ ಬರೆದುಕೊಟ್ಟದ್ದು. ಕೆಳಗೆ ನಂಬರು. ಮೂರನೆಯ ಅಂಕಿ ಒಂಬತ್ತು. ಆದರೆ ಆ ಕೈಬರಹದ ಒಂಬತ್ತಿಗೂ ಒಂದಕ್ಕೂ ಬಾಲದ ಒಂದು ಸೆಳೆತದಷ್ಟೇ ವ್ಯತ್ಯಾಸ. ಮರಾಠಿ ಅಂಕಿಗಳನ್ನು ಓದಿದವರಿಗೆ ಇದು ಗೊತ್ತು.

ಈ ನಂಬರು ಎಷ್ಟು ಕೈ ದಾಟಿತ್ತು ನೋಡಿ. ಮೊದಲು ಜಮಖಂಡಿ ಸಂಸ್ಥಾನದ ಕಾಗದ. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿದಾಗ ವಿಜಾಪುರದ ಕಲೆಕ್ಟರ್ ಕಚೇರಿಯ ಪುಸ್ತಕ. 1956ರಲ್ಲಿ ಮೈಸೂರು ರಾಜ್ಯ. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾದಾಗ ಮತ್ತೆ ಹೊಸ ದಾಖಲೆ. ಪ್ರತಿ ಸಲವೂ ಯಾರೋ ಒಬ್ಬ ಗುಮಾಸ್ತರು ಹಿಂದಿನ ಕಾಗದ ನೋಡಿ ಬರೆದರು, ಬಂದೂಕನ್ನು ತೆರೆದು ನೋಡಲಿಲ್ಲ. ಅವರನ್ನು ದೂರುವುದಕ್ಕಿಂತ, ನಮ್ಮ ಮನೆಯವರೇ ಒಮ್ಮೆಯೂ ತಾಳೆ ನೋಡಲಿಲ್ಲ ಎಂಬುದು ನನಗೆ ಹೆಚ್ಚು ನೋವಿನ ವಿಷಯ.

ಪಾವತಿಯನ್ನು ಓದಿಸಿ ಕೇಳಿದ ಮೇಲೆ ದೇಸಾಯರು ಬಹಳ ಹೊತ್ತು ಮಾತಾಡಲಿಲ್ಲ. ಮಹಾರಾಜರ ಇನಾಮಿನ ಕಥೆ ಅಲ್ಲಿಗೆ ಮುಗಿದಿತ್ತು. ‘ಹಾಗಾದರೆ ನಮ್ಮ ಅಜ್ಜ ಇದನ್ನು ದುಡ್ಡು ಕೊಟ್ಟು ತಂದರೇ?’ ಎಂದು ಕೊನೆಗೆ ಕೇಳಿದರು.

‘ಹೌದು ದೇಸಾಯರೇ. ಜಮಖಂಡಿಯಿಂದ ಬೆಳಗಾವಿಗೆ ಹೋಗಿ, ಸಾಹೇಬರ ನಡುವೆ ನಿಂತು ಸವಾಲು ಕೂಗಿ ತಂದಿದ್ದಾರೆ’ ಎಂದೆ.

ಅವರು ಕಾಗದವನ್ನು ಕೇಳಿ ಕೈಗೆ ತೆಗೆದುಕೊಂಡರು.

ಸರಿಯಾದ ನಂಬರನ್ನು ಗ್ಲಾಸ್ಗೋಗೆ ಮತ್ತೆ ಕಳಿಸಿದೆವು. ಈ ಸಲದ ಉತ್ತರದಲ್ಲಿ .500 ಎಕ್ಸ್‌ಪ್ರೆಸ್ ಜೋಡುನಳಿಕೆ ರೈಫಲ್ ಎಂದೇ ಇತ್ತು, ಮಾರಾಟವಾದದ್ದು 1890ರ ದಶಕದಲ್ಲಿ. ಈಗ ಸರಪಳಿ ಪೂರ್ತಿಯಾಯಿತು: ಅಂಗಡಿಯ ದಾಖಲೆ, ಬೆಳಗಾವಿಯ ಲಿಲಾವು, ಅಜ್ಜ, ಅಪ್ಪ, ಇವರು. ಸಂಗ್ರಾಹಕರಿಗೆ ಬೇಕಾದದ್ದು ಇದು. ಜಿಮ್ ಕಾರ್ಬೆಟ್ಟರ .275 ರಿಗ್ಬಿ ರೈಫಲ್ಲನ್ನು ಅದರ ತಯಾರಕರೇ 2015ರಲ್ಲಿ ಮರಳಿ ಕೊಂಡರು. ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಕೊಟ್ಟದ್ದು ಎಂಬುದನ್ನು ಅದರ ಹಿಡಿಗೆ ಜಡಿದ ಬೆಳ್ಳಿಯ ಫಲಕವೇ ಹೇಳುತ್ತದೆ. ಆ ರೈಫಲ್ಲಿನ ಕಥೆ ದೊಡ್ಡದು, ನಿಜ. ಆದರೆ ಆ ಕಥೆ ಬಾಯಿಮಾತಾಗಿ ಮಾತ್ರ ಉಳಿದಿದ್ದರೆ ಕೊಳ್ಳುವವರು ಯಾವುದನ್ನು ನೋಡಿ ನಂಬಬೇಕಿತ್ತು? ಪುರಾವೆಯಿಲ್ಲದ ಮಹಾರಾಜರಿಗಿಂತ ಪಾವತಿಯಿರುವ ಲಿಲಾವು ಮೇಲು ಎಂದು ನಾನು ದೇಸಾಯರಿಗೆ ಹೇಳಿದೆ. ಆ ಹೊತ್ತಿನಲ್ಲಿ ಅವರಿಗೆ ಅದು ಸಮಾಧಾನ ತಂದಿತೆಂದು ನನಗೆ ಅನ್ನಿಸಲಿಲ್ಲ.

ಬೆಲೆ

25 ಲಕ್ಷದ ಮಾತು ಏಕೆ ನಿಲ್ಲುವುದಿಲ್ಲ ಎಂಬುದನ್ನು ಮೊಮ್ಮಗನಿಗೆ ಕೂರಿಸಿಕೊಂಡು ವಿವರಿಸಿದೆ. ಅವನು ನೋಡಿದ ಬೆಲೆಗಳು ಹಾಲಂಡ್ ಆಂಡ್ ಹಾಲಂಡ್, ರಿಗ್ಬಿ, ವೆಸ್ಟ್ಲಿ ರಿಚರ್ಡ್ಸ್ ಮೊದಲಾದ ತಯಾರಕರ ಹೆಸರಿನವು. ಆರ್ಮಿ ಆಂಡ್ ನೇವಿ ತಯಾರಕರಲ್ಲ. ಸೇನಾಧಿಕಾರಿಗಳೇ 1871ರಲ್ಲಿ ಲಂಡನ್ನಿನಲ್ಲಿ ಕಟ್ಟಿಕೊಂಡ ಸಹಕಾರಿ ಅಂಗಡಿ, 1891ರಲ್ಲಿ ಮುಂಬಯಿಯಲ್ಲೂ ಮಳಿಗೆ ತೆರೆಯಿತು. ಡೇರೆಯಿಂದ ಬಿಸ್ಕತ್ತಿನವರೆಗೆ ಎಲ್ಲವನ್ನೂ ಮಾರುತ್ತಿತ್ತು. ಬಂದೂಕುಗಳನ್ನು ಬೇರೆ ಕಾರ್ಖಾನೆಗಳಿಂದ ಮಾಡಿಸಿ ತನ್ನ ಹೆಸರು ಕೆತ್ತಿಸುತ್ತಿತ್ತು. ಕೆಲಸದಲ್ಲಿ ಕುಂದಿಲ್ಲ. ಆದರೆ ಹರಾಜಿನಲ್ಲಿ ಹೆಸರಿಗೆ ಬೇರೆ ಹಣ, ಕೆಲಸಕ್ಕೆ ಬೇರೆ ಹಣ.

ಅದಕ್ಕಿಂತ ದೊಡ್ಡ ಅಡ್ಡಿ ಎಂದರೆ ಈ ರೈಫಲ್ ಆ ಹರಾಜುಗಳಿಗೆ ಹೋಗುವಂತೆಯೇ ಇಲ್ಲ. ನೂರು ವರ್ಷ ದಾಟಿದ ಪುರಾತನ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವುದನ್ನು 1972ರ ಪುರಾವಸ್ತು ಕಾಯ್ದೆ ತಡೆಯುತ್ತದೆ. ಆದ್ದರಿಂದ ಡಾಲರನ್ನು ರೂಪಾಯಿಗೆ ಗುಣಿಸುವ ಲೆಕ್ಕ ಇಲ್ಲಿಗೆ ಸಲ್ಲದು. ಒಳಗಿನ ಪೇಟೆಯೋ, ಬಹಳ ಚಿಕ್ಕದು. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ಮೇಲೆ ಒಬ್ಬರ ಬಳಿ ಇರಬಹುದಾದ ಆಯುಧಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಎರಡು ಇರುವವರು ಎಷ್ಟೇ ಆಸೆಪಟ್ಟರೂ ಕೊಳ್ಳಲಾರರು. ಬೇಟೆ 1972ರಿಂದ ನಿಂತಿದೆ, ಈ ಅಳತೆಯ ಕಾಡತೂಸು ಇಲ್ಲಿನ ಪೇಟೆಯಲ್ಲಿಲ್ಲ. ಹಾಗಿದ್ದೂ ಕೊಳ್ಳುವವರು ತಮ್ಮ ಪರವಾನಗಿಯ ಒಂದು ಖಾಲಿ ಜಾಗವನ್ನು ಇದಕ್ಕಾಗಿ ಕೊಡಬೇಕು. ಅಂಥವರು ಪ್ರೀತಿಯಿಂದಲೇ ಕೊಳ್ಳುವವರು.

ಪುರಾತನ ವಸ್ತುವಾದರೆ ಪರವಾನಗಿಯೇ ಬೇಡವಲ್ಲವೇ ಎಂದು ಹುಬ್ಬಳ್ಳಿಯ ಮಗ ಫೋನಿನಲ್ಲಿ ಕೇಳಿದರು. ಹಲವರಿಗೆ ಈ ತಪ್ಪು ತಿಳಿವಳಿಕೆ ಇದೆ. 1959ರ ಆಯುಧ ಕಾಯ್ದೆಯ 45ನೆಯ ಕಲಮು ಕೊಡುವ ವಿನಾಯಿತಿ, ರಿಪೇರಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದ ಹಳೆಯ ಆಯುಧಕ್ಕೆ ಮಾತ್ರ. ಇದು ಗುಂಡು ಹಾರಿಸುವ ಸ್ಥಿತಿಯಲ್ಲಿದೆ, ಪರವಾನಗಿ ಬೇಕೇ ಬೇಕು. ಹಾಗಾದರೆ ನಳಿಕೆಗೆ ತೂತು ಕೊರೆಸಿ ಗೋಡೆಗೆ ತೂಗುಹಾಕೋಣ ಎಂದರು. ಅದನ್ನು ಕೇಳಿ ನನಗೆ ಗಂಟೆಯಂಥ ಆ ದನಿ ನೆನಪಾಯಿತು. ಬೇಡ ಎಂದು ಕೈಮುಗಿದು ಕೇಳಿಕೊಂಡೆ. ಗೋಡೆಯ ಮೇಲಿದ್ದ ಚಿಗರಿಯ ಕೊಂಬುಗಳನ್ನು ರೈಫಲ್ಲಿನ ಜೊತೆಗೆ ಕೊಟ್ಟರೆ ಶೋಭೆ ಎಂದು ಮೊಮ್ಮಗ ಹೇಳಿದ್ದನ್ನೂ ಅಲ್ಲಿಯೇ ತಡೆದೆ. ಒಡೆತನದ ಪ್ರಮಾಣಪತ್ರ ಇದ್ದರೂ ವನ್ಯಪ್ರಾಣಿಯ ಕೊಂಬು, ಚರ್ಮಗಳನ್ನು ಮಾರುವಂತಿಲ್ಲ.

ಕೊನೆಗೆ ನಾನು ಕಾಗದದ ಮೇಲೆ ಬರೆದುಕೊಟ್ಟದ್ದು ಎರಡೂಕಾಲು ಲಕ್ಷದಿಂದ ಎರಡೂಮುಕ್ಕಾಲು ಲಕ್ಷ. ಪೆಟ್ಟಿಗೆ, ಚೀಟಿ, ಪಾವತಿ, ಗ್ಲಾಸ್ಗೋದ ಪತ್ರ ಇವು ಬೆಲೆಯನ್ನು ಮೇಲೆತ್ತಿದವು. ಎಡ ನಳಿಕೆಯ ಗುಂಡಿಗಳು, ತಂತಿಯ ಕಟ್ಟು ಕೆಳಗೆಳೆದವು. ಎಡಬದಿಯ ಬಣ್ಣ ಉಳಿದಿದ್ದರೆ ಇನ್ನೂ ಐವತ್ತು ಸಾವಿರ ಸೇರಿಸಿ ಬರೆಯುತ್ತಿದ್ದೆ. ಇದನ್ನು ಮೊಮ್ಮಗನಿಗೆ ಮುಚ್ಚಿಡಲಿಲ್ಲ. ಅವನು ತಲೆ ತಗ್ಗಿಸಿ ಕೇಳಿ, ಮರುದಿನದಿಂದ ಬಲಬದಿಗೆ ತೆಳುವಾಗಿ ಎಣ್ಣೆ ಸವರುವ ಕೆಲಸವನ್ನು ತಾನೇ ವಹಿಸಿಕೊಂಡ.

ಬೆಲೆ ಬರೆದ ಕೂಡಲೇ ಮಾರಲು ಆಗಲಿಲ್ಲ. ಪುಸ್ತಕದಲ್ಲಿ ಒಂದು ನಂಬರು, ಆಯುಧದ ಮೇಲೆ ಇನ್ನೊಂದು ಇದ್ದರೆ ಕಾನೂನಿನ ಕಣ್ಣಿಗೆ ಅದು ಬೇರೆಯೇ ಬಂದೂಕು. ಮಾರುವ ಹೊತ್ತಿಗೆ ಇದು ಹೊರಬಿದ್ದಿದ್ದರೆ ದೇಸಾಯರು ಠಾಣೆಯಲ್ಲಿ ಉತ್ತರ ಹೇಳುತ್ತ ಕೂರಬೇಕಾಗುತ್ತಿತ್ತು. ಮೊದಲು ತಿದ್ದುಪಡಿಗೆ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟರು. ಎರಡು ಕಡೆಯ ನಂಬರಿನ ಫೋಟೊ, ಮೋಡಿ ಪಾವತಿ ಮತ್ತು ಅದರ ಕನ್ನಡ ಓದು, ಗ್ಲಾಸ್ಗೋದ ಎರಡೂ ಪತ್ರಗಳನ್ನು ಲಗತ್ತಿಸಿದೆವು. ತಪ್ಪು ನಂಬರಿನ ಮೊದಲ ಪತ್ರವನ್ನೂ ಇಡಿ ಎಂದು ನಾನೇ ಹೇಳಿದೆ. ಪುಸ್ತಕದ ನಂಬರಿನದು ರೈಫಲ್ಲೇ ಅಲ್ಲ ಎಂಬುದಕ್ಕೆ ಅದು ಬಲವಾದ ಆಧಾರವಾಯಿತು.

ಕೊಳ್ಳುವವರು ಬೆಳಗಾವಿ ಜಿಲ್ಲೆಯಲ್ಲೇ ಸಿಕ್ಕರು. ಕ್ಯಾಂಪಿನ ಹಳೆಯ ಕಾಲದ ವಸ್ತುಗಳನ್ನು ಕೂಡಿಸುವವರು. ರೈಫಲ್ಲಿಗಿಂತ ಮೊದಲು ಅವರು ಆ ಪಾವತಿಯನ್ನೇ ಎರಡು ಸಲ ಓದಿಸಿಕೊಂಡರು. ತಂತಿಯ ಕಟ್ಟನ್ನು ಬೆರಳಿನಿಂದ ಸವರಿ ‘ಇದು ಹೀಗೆಯೇ ಇರಲಿ’ ಎಂದರು. ಕುಂಕುಮದ ಕಲೆಯ ಬಗ್ಗೆ ಏನೂ ಕೇಳಲಿಲ್ಲ. ಎರಡು ಲಕ್ಷ ನಲವತ್ತು ಸಾವಿರಕ್ಕೆ ಮಾತು ಮುಗಿಯಿತು. ಮಾರುವ ಉದ್ದೇಶವನ್ನೂ ಕೊಳ್ಳುವವರ ಹೆಸರು, ವಿಳಾಸವನ್ನೂ ಬರೆದು ತಿಳಿಸಿದ ಮೇಲೆ 45 ದಿನ ಕಾಯಬೇಕೆಂದು ಆಯುಧ ಕಾಯ್ದೆಯ 5ನೆಯ ಕಲಮಿನಲ್ಲಿದೆ. ಆ 45 ದಿನಗಳ ನಡುವೆ ಮಹಾನವಮಿ ಬಂತು. ದೇಸಾಯರು ಎಂದಿನಂತೆ ಖಂಡೇಪೂಜೆ ಮಾಡಿ ಅದೇ ಜಾಗದಲ್ಲಿ ಕುಂಕುಮ ಇಟ್ಟರು.

ಅಕ್ಕನವರು ಖಣಗಳನ್ನು ಟ್ರಂಕಿಗೆ ಸೇರಿಸಿ ಪೆಟ್ಟಿಗೆಯನ್ನು ಖಾಲಿ ಮಾಡಿಕೊಟ್ಟರು. ಪಾವತಿಯ ಮೂಲ ಪ್ರತಿ ರೈಫಲ್ಲಿನ ಜೊತೆಗೆ ಹೋಯಿತು. ಅದರ ಒಂದು ಒಳ್ಳೆಯ ಫೋಟೊ ಪ್ರತಿಗೆ ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ಇಡಲು ದೇಸಾಯರೇ ಹೇಳಿದರು. ಹಸ್ತಾಂತರದ ದಿನ ಕಚೇರಿಯಲ್ಲಿ ನಾನೂ ಇದ್ದೆ. ಗುಮಾಸ್ತರು ಪುಸ್ತಕದಲ್ಲಿ ನಂಬರು ಬರೆದು ಪೆನ್ನು ಎತ್ತಿದರು. ದೇಸಾಯರು ಮೇಜಿನ ಮೇಲೆ ಬಾಗಿ, ‘ತಮ್ಮಾ, ಅಂಕಿಯ ಪಕ್ಕದಲ್ಲಿ ಅಕ್ಷರದಲ್ಲಿಯೂ ಬರೆಯಪ್ಪ’ ಎಂದರು. ಗುಮಾಸ್ತರು ಒಮ್ಮೆ ಅವರ ಮುಖ ನೋಡಿ, ಬಿಡಿಸಿ ಬಿಡಿಸಿ ಬರೆದರು. ಮೂರನೆಯ ಪದ ಒಂಬತ್ತು.